ಹಾಲು ಬತ್ತಿದ ತಿಂಗಳ ಕಂತು

'ಸಂಘದಲ್ಲಿ ಸಾಲ ತೆಗೆದು ದನ ಕಟ್ಟಿ, ಡೈರಿಗೆ ಹಾಲು ಹಾಕಿ ಕಂತು ತುಂಬಿ' ಎಂಬ ಸಲಹೆಗೆ ಹೊಸನಗರ, ತೀರ್ಥಹಳ್ಳಿ ಕಡೆ ಬರವಿಲ್ಲ. ಪೂರ್ತಿ ಲೆಕ್ಕ ಹಾಕಿ ತೋರಿಸುವವರು ಕಡಿಮೆ.

50,000 ರೂಪಾಯಿ ಸಾಲ, ಉಳಿದ ಅಸಲಿನ ಮೇಲೆ ಶೇ. 24 ಬಡ್ಡಿ, 24 ತಿಂಗಳು ಎಂದಿಟ್ಟುಕೊಳ್ಳಿ. ಕಂತು ಸುಮಾರು 2,644. ಮಿಶ್ರತಳಿ ಹಸು ದಿನಕ್ಕೆ 8 ಲೀಟರ್ ಕರೆದು, ಲೀಟರಿಗೆ 35 ಸಿಕ್ಕರೆ ತಿಂಗಳಿಗೆ 8,400. ದಿನಕ್ಕೆ 5 ಕೆ.ಜಿ. ಹಿಂಡಿ, ಕೆ.ಜಿ.ಗೆ 30ರಂತೆ 4,500. ಕಂತನ್ನೂ ಕಳೆದರೆ ಕೈಗೆ ಬರುವುದು 1,256.

ಅದೂ ನಿಜವಾದ ಉಳಿಕೆಯಲ್ಲ. ಮುಂದಿನ ಕರುವಿಗೆ ಮೊದಲು 2 ತಿಂಗಳು ಹಾಲು ಬತ್ತಿಸಲೇಬೇಕು. ಆ 2 ತಿಂಗಳಿಗೆ ಕಂತು 5,288, ದಿನಕ್ಕೆ 2 ಕೆ.ಜಿ. ಹಿಂಡಿ ಕೊಟ್ಟರೂ 3,600. ಕರೆಯುವ 10 ತಿಂಗಳಲ್ಲಿ ತಿಂಗಳಿಗೆ 890ರಷ್ಟು ಎತ್ತಿಡದಿದ್ದರೆ ಈ ಹಣ ಎಲ್ಲಿಂದ ಬರಬೇಕು? ಎತ್ತಿಟ್ಟರೆ ಉಳಿಯುವುದು 370ರ ಆಸುಪಾಸು. ಹಸು ಸಕಾಲಕ್ಕೆ ಗಬ್ಬ ನಿಲ್ಲದಿದ್ದರೆ, ಕೆಚ್ಚಲು ಬಾವು ಬಂದರೆ ಅದೂ ಹೋಯಿತು. ಅಂದರೆ ಲಾಭ ಶುರುವಾಗುವುದು ಸಾಲ ತೀರಿದ ಮೇಲೆ, ಅಷ್ಟರಲ್ಲಿ ಹಸು ಕೊಟ್ಟಿಗೆಯಲ್ಲೇ ಉಳಿದಿದ್ದರೆ.

ಕೂಲಿ ನಂಬಿದ ಮನೆಗಳ ಪಾಡು ಇನ್ನೂ ಬಿಗಿ. ಅಡಿಕೆ ಕೊಯ್ಲು, ಸುಲಿಗೆ ಇರುವುದು ಹೆಚ್ಚಾಗಿ ನವೆಂಬರಿನಿಂದ ಫೆಬ್ರವರಿವರೆಗೆ. ನಾಟಿ ಮುಗಿದ ಮೇಲೆ ಮಳೆಯಲ್ಲಿ ಕೆಲಸ ತೆಳು. ವಾರದ ಕಂತಿಗೆ ಆಷಾಢವೂ ಒಂದೇ, ಸುಗ್ಗಿಯೂ ಒಂದೇ. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದ ಸಾಲ ಹುಟ್ಟುವುದು ಇಲ್ಲೇ. ಬಡ್ಡಿ ದರದಷ್ಟೇ ಕಂತಿನ ದಿನವೂ ಮುಖ್ಯ ಅನ್ನುವುದು ಅದಕ್ಕೆ.

ಸಂಘದ ಮೂಲಕ ಕೊಡುವ ಇಂಥ ಕಿರುಸಾಲದ ಬಗೆಗಿನ ಸಂಶೋಧನೆಯೂ ಹೆಚ್ಚು ಆಸೆ ತೋರಿಸುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ತಂಡ ಕಿರುಸಾಲ ಕಾಲಿಟ್ಟ ಹೈದರಾಬಾದಿನ ಬಡಾವಣೆಗಳ ಬಗ್ಗೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವ್ಯಾಪಾರಕ್ಕೆ ಹಾಕಿದ ಹಣ ಹೆಚ್ಚಿತ್ತು, ಮನೆಯ ಒಟ್ಟು ಖರ್ಚಿನ ಮಟ್ಟ ಏರಿರಲಿಲ್ಲ. ಕೋಲ್ಕತಾದ ಇನ್ನೊಂದು ಪ್ರಯೋಗದಲ್ಲಿ ಮೊದಲ ಕಂತನ್ನು 2 ವಾರದ ಬದಲು 2 ತಿಂಗಳಿಗೆ ತಳ್ಳಿದಾಗ ಹೂಡಿಕೆ, ಲಾಭ ಎರಡೂ ಹೆಚ್ಚಿದವು. ಕಂತು ಕಟ್ಟದೆ ಸುಸ್ತಿಯಾಗುವುದೂ ಹೆಚ್ಚಿತು, ಕಿರುಸಾಲ ಕಂಪನಿಗಳು ಬಿಡುವು ಕೊಡಲು ಹಿಂಜರಿಯುವುದು ಸುಮ್ಮನೆ ಅಲ್ಲ.

ಸಹಿ ಹಾಕುವ ಮೊದಲು ಬಡ್ಡಿ ಯಾವುದರ ಮೇಲೆ ಎಂದು ಕೇಳಿ. 'ಶೇ. 12 ಅಷ್ಟೇ' ಎಂದು ಪೂರ್ತಿ ಅಸಲಿನ ಮೇಲೆ ಹಾಕಿ 12 ಕಂತು ಮಾಡಿದರೆ, ಉಳಿದ ಅಸಲಿನ ಲೆಕ್ಕದಲ್ಲಿ ಅದು ಸುಮಾರು 21.5. ರಿಸರ್ವ್ ಬ್ಯಾಂಕಿನ 2022ರ ಕಿರುಸಾಲ ನಿಯಮದಂತೆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ವರ್ಷದ ಆದಾಯವನ್ನು 12ರಿಂದ ಭಾಗಿಸಿದರೆ ಮಳೆಗಾಲ ಮಾಯವಾಗುತ್ತದೆ, ಕೈಸಾಲ ದಾಖಲೆಗೇ ಬರುವುದಿಲ್ಲ. ಹಾಗಾಗಿ ಅರ್ಧದ ಲೆಕ್ಕವನ್ನು ಆಗಸ್ಟಿನ ಆದಾಯದ ಮೇಲೆ ನೀವೇ ಹಾಕಿ.

ಉಳಿತಾಯ ಮಾಡುವ ಸ್ವಸಹಾಯ ಸಂಘವಾದರೆ ಆಂತರಿಕ ಸಾಲಕ್ಕೆ ಮಳೆಗಾಲದಲ್ಲಿ ಬಡ್ಡಿ ಮಾತ್ರ ಎಂದು ಸಭೆಯಲ್ಲಿ ಠರಾವು ಬರೆಯಿಸಬಹುದು. ಕಂಪನಿ ಸಾಲಕ್ಕೆ ಆ ದಾರಿ ಕಷ್ಟ. ಆದರೆ ಅದೇ ನಿಯಮದಂತೆ ಈ ಸಾಲವನ್ನು ಅವಧಿಗೆ ಮುಂಚೆ ಕಟ್ಟಿದರೆ ದಂಡ ಹಾಕುವಂತಿಲ್ಲ. ಜನವರಿಯಲ್ಲಿ ಸುಲಿಗೆ ದುಡ್ಡು ಬಂದಾಗ ಹೆಚ್ಚುವರಿ ಕಟ್ಟುವುದಾದರೆ, ಅದು ಅಸಲಿಗೆ ಜಮಾ ಆಯಿತೆಂದು ರಸೀದಿಯಲ್ಲಿ ಬರೆಯಿಸಿಕೊಂಡೇ ಕೊಡಿ.