ಕಕ್ಕಬ್ಬೆಯ ಬೆಟ್ಟದಲ್ಲಿ 50 ಕಿಲೋಮೀಟರ್ ಓಟ: ಮನೆಯವರನ್ನೂ ಕರೆದುಕೊಂಡು ಹೋಗುವವರಿಗೆ

ಕೊಡಗಿನ ಹೋಂಸ್ಟೇಯವರು ಫೋನಿನಲ್ಲಿ ರೇಟು ಹೇಳಿದ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ರೂಮಿಗೋ, ತಲೆಗೋ? ನಮಗೆ ಬಂದ ಮೆಸೇಜಿನಲ್ಲಿ "ಫ್ಯಾಮಿಲಿ ರೂಮ್, 2800" ಎಂದಷ್ಟೇ ಇತ್ತು. ಬ್ಯಾಗ್ ಇಳಿಸಿ, ಅತ್ತೆ ಕೈಕಾಲು ತೊಳೆದು ಮಂಚದ ಮೇಲೆ ಕೂತ ಮೇಲೆ ಅದು ತಲೆಗೆ 2800 ಎಂದು ಗೊತ್ತಾಯಿತು. ನಾನು, ಗಂಡ, ಅತ್ತೆ, ಅರ್ಧ ಚಾರ್ಜಿನ ಮಗಳು. ಒಂದು ರಾತ್ರಿಗೆ 9800. ಓಟದ ವಾರಾಂತ್ಯ ಅಲ್ವಾ, ಸುತ್ತಮುತ್ತ ಎಲ್ಲೂ ಜಾಗ ಇಲ್ಲ ಅನ್ನೋದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಟಾರು ರಸ್ತೆಯಿಂದ ಆ ಮನೆಯವರೆಗಿನ ತೋಟದ ದಾರಿಯಲ್ಲಿ ನಮ್ಮ ಕಾರು ಹೋಗುವಂತಿರಲಿಲ್ಲ. ಅವರದೇ ಜೀಪು, ಒಂದು ಸಲಕ್ಕೆ 500. ಬಂದಾಗ ಒಂದು, ಸಂಜೆ ಬ್ರೀಫಿಂಗಿಗೆ, ಅಂದರೆ ಓಟ ನಡೆಸುವವರ ಸಭೆಗೆ, ಹೋಗಿ ಬರಲು ಎರಡು, ಬೆಳಗಿನ ಜಾವ ಮತ್ತೊಂದು. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದೆ ಎಂದಿದ್ದರು. ಸೇರಿದ್ದು ನಿಜ, ಆದರೆ ಎಂಟೂವರೆಗೆ. ಓಟ ಶುರುವಾಗುವುದು ಆರಕ್ಕೆ. ನಾಲ್ಕೂವರೆಗೆ ಎರಡು ಬಾಳೆಹಣ್ಣು, ಒಂದು ಫ್ಲಾಸ್ಕ್ ಬಿಸಿನೀರು ಸಿಗುತ್ತದಾ ಎಂದು ಕೇಳಿದೆ. "ಅಡುಗೆಯವರು ಬರೋದೇ ಏಳಕ್ಕೆ ಮೇಡಂ" ಎಂದರು. ಹಾಗಾಗಿ ಒಂದು ಚಿಕ್ಕ ಕೆಟಲ್, ಒಂದಿಷ್ಟು ಅವಲಕ್ಕಿ ನಿಮ್ಮ ಬ್ಯಾಗಿನಲ್ಲೇ ಇರಲಿ. ರೂಮು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಕಿಟಕಿ ತೆರೆದರೆ ಕೈಗೆ ಸಿಗುವಷ್ಟು ಹತ್ತಿರ ಮೆಣಸಿನ ಬಳ್ಳಿ. ಆದರೆ ಅಷ್ಟು ದುಡ್ಡು ಕೊಟ್ಟು ಬಳ್ಳಿ ನೋಡುವ ಪೈಕಿ ನಾನಲ್ಲ.

ಇನ್ನೊಂದು ವಿಷಯ. "ಕೂರ್ಗ್ ಓಟ" ಎಂದ ತಕ್ಷಣ ಬೆಂಗಳೂರಿನವರು ಮಡಿಕೇರಿಯಲ್ಲಿ ರೂಮು ಮಾಡಿಬಿಡುತ್ತಾರೆ. ನಾವು ಓಡಿದ್ದು ಕಕ್ಕಬ್ಬೆ ಕಡೆ, ತಡಿಯಂಡಮೋಳ್ ಬೆಟ್ಟದ ತಪ್ಪಲಿನ ತೋಟಗಳಲ್ಲಿ. ಮಡಿಕೇರಿಯಿಂದ ನಾಪೋಕ್ಲು ಮೇಲೆ ಅಲ್ಲಿಗೆ ಗಂಟೆಗೂ ಜಾಸ್ತಿ ಹಿಡಿಯುತ್ತದೆ. ನಸುಕಿನ ಮಂಜಿನಲ್ಲಿ ಆ ತಿರುವುಗಳಲ್ಲಿ ಗಾಡಿ ಓಡಿಸಿಕೊಂಡು ಬಂದ ಒಬ್ಬರು ಸ್ಟಾರ್ಟ್ ಲೈನಿನಲ್ಲೇ ವಾಂತಿ ಮಾಡಿಕೊಳ್ಳುತ್ತಿದ್ದರು. ಮೈಸೂರು ಕಡೆಯಿಂದ ಬರುವವರು ಮಡಿಕೇರಿಗೆ ಹೋಗುವುದೇ ಬೇಡ. ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ ಮೇಲೆ ಬನ್ನಿ. ಜಿಲ್ಲೆಗೆ ರೈಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ವಿರಾಜಪೇಟೆವರೆಗೆ ಆರಾಮಾಗಿ ಬರಬಹುದು, ಅಲ್ಲಿಂದ ಮುಂದೆ ಕತ್ತಲಾದ ಮೇಲೆ ಬಸ್ಸು ನಂಬಿಕೊಂಡು ಕೂರಬೇಡಿ. ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಹುತ್ತರಿ ಹಬ್ಬ ಬರುತ್ತದೆ. ಊರು ಬಿಟ್ಟು ಹೋದವರೆಲ್ಲ ಆಗ ಮನೆಗೆ ಬರುತ್ತಾರೆ. ಓಟದ ದಿನ ಹಬ್ಬದ ಹತ್ತಿರ ಬಿದ್ದರೆ ರೂಮು ತುಂಬಾ ಮುಂಚೆಯೇ ಹಿಡಿಯಿರಿ.

ಓಟದ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ. ಮ್ಯಾರಥಾನಿನ 42.195 ಕಿ.ಮೀ. ದಾಟಿದರೆ ಅಲ್ಟ್ರಾ. ಇದು 50. ಏರಿನಲ್ಲಿ ಎಲ್ಲರೂ ನಡೆಯುತ್ತಾರೆ, ನಾಚಿಕೊಳ್ಳುವಂಥದ್ದೇನಿಲ್ಲ. ಕೈಕೊಡುವುದು ಇಳಿಜಾರು. ಪ್ರತಿ ಹೆಜ್ಜೆಗೂ ಮೈಭಾರವನ್ನು ತೊಡೆಯೇ ತಡೆದು ಹಿಡಿಯಬೇಕು. ತೋಟದ ದಾರಿ ಎಂದರೆ ಜೀಪಿನ ಚಕ್ರದ ಎರಡು ಗೆರೆ, ಅದರ ತುಂಬಾ ಉರುಟು ಕಲ್ಲು, ನೆರಳಿರುವಲ್ಲಿ ಪಾಚಿ. ಅದರ ಮೇಲೆ ಸಿಲ್ವರ್ ಓಕಿನ ಒಣ ಎಲೆ ಬಿದ್ದು ಯಾವುದು ಕಲ್ಲು, ಯಾವುದು ಗುಂಡಿ ಎಂದೇ ತಿಳಿಯುವುದಿಲ್ಲ. ಹಳ್ಳ ದಾಟುವಲ್ಲಿ ಜಿಗಣೆ ಇರುತ್ತವೆ. ಓಡುತ್ತಾ ಹೋದವರಿಗೆ ಹತ್ತುವುದು ಕಮ್ಮಿ, ನಿಂತು ಸೆಲ್ಫಿ ತೆಗೆದವರ ಕಾಲು ನೋಡಬೇಕಿತ್ತು. ಸುಸ್ತಾಯಿತೆಂದು ತೋಟದ ಬೇಲಿ ಹಿಡಿದು ನಿಲ್ಲಬೇಡಿ. ಅದು ಆನೆಗೆ ಹಾಕಿದ ಸೋಲಾರ್ ಬೇಲಿ ಇರಬಹುದು.

ಉಪ್ಪಿನ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಗಂಟೆಗಟ್ಟಲೆ ಬೆವರುತ್ತಾ ಬರೀ ನೀರನ್ನು ಹೊಟ್ಟೆ ತುಂಬಾ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದುಬಿಡುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ತಲೆಯೇ ಓಡುವುದಿಲ್ಲ. ನೋಡಿದವರು ನೀರು ಸಾಲಲಿಲ್ಲ ಎಂದುಕೊಂಡು ಇನ್ನೊಂದು ಬಾಟಲಿ ಕುಡಿಸುತ್ತಾರೆ, ಕಥೆ ಮತ್ತಷ್ಟು ಕೆಡುತ್ತದೆ. ಬಾಯಾರಿದಷ್ಟು ಕುಡಿಯಿರಿ, ಚೆಕ್‌ಪಾಯಿಂಟಿನಲ್ಲಿ ಇಟ್ಟಿರುವ ಬೇಯಿಸಿದ ಆಲೂಗಡ್ಡೆಯನ್ನು ಉಪ್ಪಿನಲ್ಲಿ ಅದ್ದಿ ತಿನ್ನಿ. ನಿಮ್ಮ ಮನೆಯವರಿಗೂ ಇದನ್ನು ಹೇಳಿಟ್ಟಿರಿ.

ಮನೆಯವರ ಮಾತಿಗೆ ಬಂದೆ. ಊರಿನ ರಸ್ತೆ ಓಟದಲ್ಲಿ ಅವರು ಆಟೋ ಹಿಡಿದು ಮೂರ್ನಾಲ್ಕು ಕಡೆ ಪ್ರತ್ಯಕ್ಷ ಆಗಬಹುದು. ಇಲ್ಲಿ ಕಾರು ಮುಟ್ಟುವ ಜಾಗ ಇದ್ದದ್ದು ಎರಡೇ, 18ನೇ ಕಿ.ಮೀ. ಮತ್ತು 35ನೇ ಕಿ.ಮೀ. ಉಳಿದದ್ದೆಲ್ಲ ಖಾಸಗಿ ತೋಟ, ಗೇಟಿಗೆ ಬೀಗ. ಗೊತ್ತು ಮಾಡಿದ ಜಾಗ ಬಿಟ್ಟು ಬೇರೆಲ್ಲಾದರೂ ಮನೆಯವರು ತಿನ್ನಲು ಕೊಟ್ಟರೆ ಓಡುವವರನ್ನು ಓಟದಿಂದಲೇ ಹೊರಗೆ ಹಾಕುವ ನಿಯಮವೂ ಇತ್ತು. ಅಂದರೆ ನಿಮ್ಮ ಜನ ಇಡೀ ದಿನದಲ್ಲಿ ನಿಮ್ಮನ್ನು ನೋಡುವುದು ಹತ್ತು ನಿಮಿಷ. ಉಳಿದ ಹೊತ್ತು ಅವರು ಏನು ಮಾಡಬೇಕು ಎಂಬುದನ್ನು ಮೊದಲೇ ಯೋಚಿಸಿ.

ನಮ್ಮವರು ಮೊದಲ ಪಾಯಿಂಟಿನ ನಂತರ ನಾಲ್ಕುನಾಡು ಅರಮನೆಗೆ ಹೋದರು. ದೊಡ್ಡವೀರ ರಾಜೇಂದ್ರ 1792ರ ಹೊತ್ತಿಗೆ ಕಟ್ಟಿಸಿದ್ದು. 1834ರಲ್ಲಿ ಇಂಗ್ಲಿಷರ ಸೈನ್ಯ ಬಂದಾಗ ಕೊನೆಯ ರಾಜ ಚಿಕ್ಕವೀರ ರಾಜೇಂದ್ರ ಬಂದು ಸೇರಿಕೊಂಡದ್ದೂ ಇಲ್ಲಿಗೇ. ಅರಮನೆ ಎಂದು ಮೈಸೂರಿನದನ್ನು ನೆನೆಸಿಕೊಂಡು ಹೋಗಬೇಡಿ. ದೊಡ್ಡ ತೊಟ್ಟಿಮನೆಯಷ್ಟಿದೆ, ಮಾಸಿದ ಗೋಡೆಚಿತ್ರಗಳಿವೆ, ಅರ್ಧ ಗಂಟೆ ಸಾಕು. 1748 ಮೀಟರಿನ ತಡಿಯಂಡಮೋಳ್ ಬೆಟ್ಟಕ್ಕೆ ಚಾರಣದವರು ಹೊರಡುವುದೂ ಅಲ್ಲಿಂದಲೇ. ಹಾಗಾಗಿ ವಾರಾಂತ್ಯದಲ್ಲಿ ಗದ್ದಲವೋ ಗದ್ದಲ. ನನಗಂತೂ ಆ ಜಾತ್ರೆ ಆಗುವುದಿಲ್ಲ. ಮಗಳು ಖುಷಿಪಟ್ಟಳಂತೆ.

ಎಡವಟ್ಟಾದದ್ದು ಎರಡನೇ ಪಾಯಿಂಟಿನಲ್ಲಿ. ಓಟ ಶುರುವಾದ ಮೇಲೆ ಯಾವುದೋ ತೋಟದ ಗೇಟು ತೆಗೆಯಲಿಲ್ಲವಂತೆ. ನಡೆಸುವವರು ಪಾಯಿಂಟನ್ನು ಬೇರೆ ರಸ್ತೆಗೆ ಸಾಗಿಸಿ, ಓಟಗಾರರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜು ಹಾಕಿ ಕೈತೊಳೆದುಕೊಂಡರು. ಗುಂಪಿನಲ್ಲಿ ಮನೆಯವರು ಯಾರೂ ಇಲ್ಲ. ಇದ್ದಿದ್ದರೂ ಅಲ್ಲಿ ಸಿಗ್ನಲ್ ಇರಲಿಲ್ಲ. ನಾನು ದಾರಿಯ ರಿಬ್ಬನ್ ನೋಡಿಕೊಂಡು ಹೊಸ ಜಾಗಕ್ಕೆ ಬಂದು ನಿಂತರೆ ಒಂದು ಟೇಬಲ್ಲು, ಇಬ್ಬರು ಹುಡುಗರು, ಆಲೂಗಡ್ಡೆ. ನನ್ನ ಒಣ ಸಾಕ್ಸು, ಬೇರೆ ಶೂ, ಮೊಸರನ್ನ ಎಲ್ಲ ಹಳೇ ಜಾಗದಲ್ಲಿ, ಅತ್ತೆಯ ಮಡಿಲಲ್ಲಿ.

ಅಲ್ಲಿ ಗಂಡ ಫೋನನ್ನು ಆಕಾಶಕ್ಕೆ ಹಿಡಿದು ಸಿಗ್ನಲ್ ಹುಡುಕುತ್ತಾ ಅತ್ತಿತ್ತ ಓಡಾಡುತ್ತಿದ್ದರಂತೆ. ಅತ್ತೆ ಸುಮ್ನೆ ಕೂರುವವರಲ್ಲ. ಕಾಫಿ ಕೊಯ್ಯುವ ಹೆಂಗಸರನ್ನು ತುಂಬಿಕೊಂಡು ಒಂದು ಪಿಕಪ್ ಬಂತು. ಕೈ ಅಡ್ಡ ಹಿಡಿದು ನಿಲ್ಲಿಸಿ, "ಎದೆಗೆ ನಂಬರು ಕಟ್ಕೊಂಡು ಓಡೋರು ಎಲ್ಲಾದ್ರೂ ಕಂಡ್ರೇನಮ್ಮಾ?" ಎಂದು ಕೇಳಿದ್ದಾರೆ. "ಅವರೆಲ್ಲ ಆ ಕಡೆ ತೋಟಕ್ಕೆ ಇಳೀತಿದ್ರು, ಬನ್ನಿ ಅಮ್ಮ, ಅಲ್ಲಿಗೇ ಹೋಗ್ತಿದ್ದೀವಿ" ಎಂದು ಒಬ್ಬಾಕೆ ಕೈ ಕೊಟ್ಟು ಹತ್ತಿಸಿಕೊಂಡಳಂತೆ. ನಾನು ಬಾಟಲಿ ತುಂಬಿಸಿ ಹೊರಡಬೇಕು, ಅಷ್ಟರಲ್ಲಿ ಪಿಕಪ್ಪಿನ ಹಿಂದೆ ಗೋಣಿಚೀಲಗಳ ನಡುವೆ ಸ್ಟೀಲ್ ಡಬ್ಬಿ ಹಿಡಿದ ಅತ್ತೆ, ಪಕ್ಕದಲ್ಲಿ ಮಗಳು! ಕಟ್‌ಆಫ್‌ಗೆ, ಅಂದರೆ ಮುಂದೆ ಓಡಲು ಬಿಡುವ ಕೊನೆಯ ಗಡುವಿಗೆ, ಹೊತ್ತಾಗುತ್ತಿದೆ ಎಂದೆ. "ಕೂತ್ಕೊಂಡು ತಿನ್ನು. ನಿನ್ನನ್ನೇನು ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ" ಎಂದರು. ಕೂತು ತಿಂದೆ. ಓಟ ಮುಗಿಸಿದ್ದು ಆ ಮೊಸರನ್ನದ ಬಲದಿಂದ, ಆ ಹೆಂಗಸರ ದಯದಿಂದ.

ಆದ್ದರಿಂದ ಇಷ್ಟು ಮಾಡಿ. ಬೇಕೇ ಬೇಕಾದದ್ದನ್ನು, ಅಂದರೆ ಒಣ ಸಾಕ್ಸು, ಹೆಡ್‌ಟಾರ್ಚು, ಔಷಧಿ, ನಡೆಸುವವರು ಸಾಗಿಸುವ ಡ್ರಾಪ್ ಬ್ಯಾಗಿಗೆ ಹಾಕಿ. ಸಿಕ್ಕರೆ ಸಂತೋಷ ಎನ್ನುವುದನ್ನು ಮಾತ್ರ ಮನೆಯವರ ಕೈಗೆ ಕೊಡಿ. ಪಾಯಿಂಟು ಬದಲಾದರೆ ಮನೆಯವರಿಗೆ ಯಾರು ತಿಳಿಸುತ್ತಾರೆ ಎಂದು ಬ್ರೀಫಿಂಗಿನಲ್ಲೇ ಎದ್ದು ನಿಂತು ಕೇಳಿ, ಅವರ ನಂಬರನ್ನೂ ಬರೆಸಿ. ಫೋನು ನಂಬದೆ ಒಂದು ಚೀಟಿಯಲ್ಲಿ ಬರೆದುಕೊಡಿ: ಇಷ್ಟು ಗಂಟೆಗಿಂತ ಮುಂಚೆ ಬರುವುದಿಲ್ಲ, ಇಷ್ಟು ಗಂಟೆಯಾದರೂ ಬರದಿದ್ದರೆ ಫಿನಿಶ್‌ಗೆ ಹೋಗಿಬಿಡಿ. ಎರಡು ಹೊತ್ತಿನ ನಡುವೆ ಎರಡು ಗಂಟೆ ಅಂತರ ಇರಲಿ. ರಸ್ತೆ ಓಟದ ವೇಗ ಹಿಡಿದು ಲೆಕ್ಕ ಹಾಕಿದರೆ ಪಾಪ, ಅವರು ಬಿಸಿಲಲ್ಲಿ ಒಣಗುತ್ತಾರೆ.

ಈಗ ಊಟದ ಮಾತು. ನಾಪೋಕ್ಲು ರಸ್ತೆಯಲ್ಲಿ ಬೋರ್ಡಿಲ್ಲದ ಒಂದು ಹೋಟೆಲಿದೆ. ತಗಡಿನ ಸೂರು, ಮೂರು ಬೆಂಚು, ಒಬ್ಬ ಅಕ್ಕ. ಓಟದ ದಿನ ಮನೆಯವರು ಕಾಯುತ್ತಾ ಕಂಡುಕೊಂಡ ಜಾಗ, ಮರುದಿನ ನನ್ನನ್ನು ಕರೆದೊಯ್ದರು. ಅಕ್ಕಿ ಒಟ್ಟಿ (ಕೊಡವರ ಅಕ್ಕಿ ರೊಟ್ಟಿ) ಎಂದರೆ ನಾನು ಬೇರೆ ಕಡೆ ಒಣಗಿದ ಚಕ್ಕೆಯನ್ನೇ ತಿಂದಿದ್ದು. ಈ ಅಕ್ಕ ಅನ್ನವನ್ನು ಅಂಗೈಯಲ್ಲಿ ನುಣ್ಣಗೆ ಹಿಚುಕಿ, ಅದಕ್ಕೆ ಅಕ್ಕಿಹಿಟ್ಟು ಸೇರಿಸಿ, ಒಂದು ಅಗುಳೂ ಉಳಿಯದ ಹಾಗೆ ನಾದುತ್ತಾರೆ. ತಟ್ಟಿ ಕಾವಲಿಯ ಮೇಲೆ ಎರಡೂ ಕಡೆ ಬೇಯಿಸಿ, ಕೊನೆಗೆ ಒಲೆಯ ಬಾಯಿಗೆ ಕೆಂಡ ಎಳೆದು ಅದರ ಮೇಲೆ ಹಾಕುತ್ತಾರೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಂದು ಮೂಲೆಯಿಂದ ಉಬ್ಬುತ್ತಾ ಬಂದು ಪೂರ್ತಿ ಗುಂಡಾಗುತ್ತದೆ. ಬೂದಿಯನ್ನು ಬಟ್ಟೆಯಲ್ಲಿ ಒರೆಸಿ ತಟ್ಟೆಗೆ. ಜೊತೆಗೆ ಸಿಹಿಗುಂಬಳದ ಕರಿ, ಎಳ್ಳು ಪಜ್ಜಿ ಎಂಬ ಚಟ್ನಿ. ಮಾಂಸ ತಿನ್ನುವವರಿಗೆ ಪಂದಿ ಕರಿ ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ. ಅತ್ತೆ ಅದನ್ನು ಎದ್ದು ಹೋಗಿ ನೋಡಿ ಬಂದೇ ಕೂತರು. ಎರಡು ಒಟ್ಟಿಯ ತಟ್ಟೆಗೆ 50 ರೂಪಾಯಿ. ನಾನು ಎಷ್ಟು ತಿಂದೆ ಎಂದು ಬರೆಯುವುದಿಲ್ಲ. ಬೆಲ್ಲದ ಕಾಫಿ 10, ಎರಡನೇ ಲೋಟಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. "ಅಷ್ಟು ದೂರ ಯಾಕಮ್ಮ ಓಡಿದ್ದು?" ಎಂದು ಮಾತ್ರ ಕೇಳಿದರು.

ಅದೇ ಅಕ್ಕ ನಾಪೋಕ್ಲು ಪೇಟೆಯಲ್ಲಿ ಒಂದು ಸಾಧಾರಣ ಲಾಡ್ಜು ತೋರಿಸಿಕೊಟ್ಟರು. ವಿಚಾರಿಸಿದೆ, 1200. ರೂಮಿಗೆ. ಬಳ್ಳಿ ಕಾಣುವುದಿಲ್ಲ, ಎದುರಿಗೆ ಗೊಬ್ಬರದ ಅಂಗಡಿ ಕಾಣುತ್ತದೆ, ಕಾರು ಬಾಗಿಲವರೆಗೆ ಬರುತ್ತದೆ. ಮುಂದಿನ ಸಲ ನಮ್ಮ ಬಿಡಾರ ಅಲ್ಲೇ. ನೀವು ಎಲ್ಲೇ ಉಳಿದರೂ ಓಟದ ರಾತ್ರಿಗೂ ರೂಮು ಇಟ್ಟುಕೊಳ್ಳಿ, ಅವತ್ತೇ ವಾಪಸ್ ಹೊರಡಬೇಡಿ. ಕೆಳಗಿನ ಮಹಡಿಯ ರೂಮೇ ಬೇಕು ಎಂದು ಹಟ ಹಿಡಿಯಿರಿ. ನಾನು ಆ ಹೋಂಸ್ಟೇಯ ಮೆಟ್ಟಿಲನ್ನು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿದವಳು. ಮತ್ತೆ ಬಾತ್‌ರೂಮಿನಲ್ಲಿ ವೆಸ್ಟರ್ನ್ ಕಮೋಡ್ ಇದೆಯಾ ಎಂದು ಕೇಳಿಯೇ ಅಡ್ವಾನ್ಸ್ ಕೊಡಿ. ತಮಾಷೆಗೆ ಹೇಳುತ್ತಿಲ್ಲ.