ಕೇಳುಗರಿಲ್ಲದ ಕಛೇರಿ

1994ರಲ್ಲಿ, ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಒಂದು ಶನಿವಾರ, ಮಡಿಕೇರಿಯಲ್ಲಿ ಮೂರು ದಿನಗಳಿಂದ ಮಳೆ ಹಿಡಿದುಕೊಂಡಿದ್ದಾಗ, ನಮ್ಮ ಭೌತಶಾಸ್ತ್ರದ ಮೇಷ್ಟ್ರು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ವಿಡಿಯೊ ಕ್ಯಾಸೆಟ್ಟೊಂದನ್ನು ಎದೆಗವಚಿಕೊಂಡು ಪ್ರಯೋಗಾಲಯಕ್ಕೆ ಬಂದರು. ಅದು ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ರಾಕ್ ತಂಡದ ‘ಲೈವ್ ಅಟ್ ಪೊಂಪೆಯಿ’ ಎಂಬ ಕಛೇರಿ ಚಿತ್ರ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದ ನಾನು ರಾಕ್ ಸಂಗೀತವೆಂದರೆ ಗದ್ದಲವೆಂದೇ ನಂಬಿದ್ದೆ.

ಪರದೆಯ ಮೇಲೆ ಮೊದಲು ಕಂಡದ್ದು ಇಟಲಿಯ ಪೊಂಪೆಯಿ ಊರಿನ, ಕಲ್ಲಿನ ಬಟ್ಟಲಿನಂಥ ಒಂದು ರೋಮನ್ ಬಯಲುರಂಗ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತ ಉಗುಳಿದ ಬೂದಿಯಡಿ ಇಡೀ ಊರಿನೊಡನೆ ಹೂತುಹೋಗಿದ್ದ ಆ ರಂಗದ ನಡುವೆ, 1971ರ ಅಕ್ಟೋಬರಿನಲ್ಲಿ ನಾಲ್ವರು ಯುವಕರು ವಾದ್ಯಗಳನ್ನಿಟ್ಟುಕೊಂಡು ನುಡಿಸುತ್ತಿದ್ದರು. ಸುತ್ತಲಿನ ಮೆಟ್ಟಿಲುಗಳಲ್ಲಿ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ನಿರ್ದೇಶಕ ಏಡ್ರಿಯನ್ ಮೇಬೆನ್ ಅದೇ ವರ್ಷ ಪೊಂಪೆಯಿ ನೋಡಲು ಹೋಗಿ, ಪಾಸ್‌ಪೋರ್ಟ್ ಕಳೆದುಕೊಂಡು, ಅದನ್ನು ಹುಡುಕುತ್ತ ಮುಸ್ಸಂಜೆಯಲ್ಲಿ ಒಬ್ಬರೇ ಆ ರಂಗದೊಳಗೆ ಬಂದಾಗ ಅಲ್ಲಿನ ನಿಶ್ಶಬ್ದಕ್ಕೆ ಮನಸೋತರಂತೆ. ಜನಸಾಗರವನ್ನು ತೋರಿಸುವ ಕಛೇರಿ ಚಿತ್ರಗಳ ಕಾಲದಲ್ಲಿ ಆ ನಿಶ್ಶಬ್ದವನ್ನೇ ಕೇಳುಗನನ್ನಾಗಿ ಕೂರಿಸಿದ್ದು ಅವರ ದೊಡ್ಡ ಧೈರ್ಯವೆಂದು ನಾನು ಇಂದಿಗೂ ಭಾವಿಸುತ್ತೇನೆ. ಜನರ ಮುಖಗಳಿಲ್ಲದ ಕಾರಣ ನಮ್ಮ ಕಣ್ಣು ವಾದಕರ ಕೈಗಳನ್ನು ಬಿಟ್ಟು ಕದಲಲಿಲ್ಲ.

‘ಎಕೋಸ್’ ಹಾಡಿನ ಮೊದಲ ಸ್ವರ, ತೊಟ್ಟಿಕ್ಕುವ ಹನಿಯಂಥ ಆ ಒಂಟಿ ಸ್ವರ, ಮುಗಿಯುತ್ತಿದ್ದಂತೆ ಮೇಷ್ಟ್ರು ವಿಸಿಆರ್ ನಿಲ್ಲಿಸಿದರು. ಆ ಹಾಡು ಹುಟ್ಟಿದ್ದೇ ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಅವರ ಪಿಯಾನೊ ಸ್ವರವೊಂದನ್ನು ಲೆಸ್ಲಿ ಸ್ಪೀಕರಿನ ಮೂಲಕ ಹಾಯಿಸಿದಾಗ ಎಂದರು. ಆ ಪೆಟ್ಟಿಗೆಯೊಳಗೆ ಧ್ವನಿ ಹೊಮ್ಮುವ ಕೊಂಬು ಗಿರಗಿರನೆ ಸುತ್ತುತ್ತದೆ. ಕೊಂಬಿನ ಬಾಯಿ ನಮ್ಮತ್ತ ಬರುವಾಗ ಸ್ವರ ಕೂದಲೆಳೆಯಷ್ಟು ಏರಿ, ದೂರ ಸರಿಯುವಾಗ ಅಷ್ಟೇ ಇಳಿಯುವುದರಿಂದ ನಾದಕ್ಕೆ ನೀರಿನ ಅಲುಗಾಟ ಬರುತ್ತದೆ. ಸಂಪಾಜೆ ಘಾಟಿಯಲ್ಲಿ ಎದುರು ಬಂದ ಬಸ್ಸಿನ ಹಾರ್ನ್ ನಮ್ಮನ್ನು ದಾಟಿದೊಡನೆ ಸೊರಗುವುದು ಇದೇ ಕಾರಣಕ್ಕೆ ಎಂದು ಅವರು ಹೇಳಿದಾಗ, ಪರೀಕ್ಷೆಗಾಗಿ ಉರುಹೊಡೆದಿದ್ದ ಡಾಪ್ಲರ್ ಪರಿಣಾಮ ನನಗೆ ಮೊದಲ ಬಾರಿ ಕಿವಿಯಿಂದ ಅರ್ಥವಾಯಿತು.

ನನ್ನನ್ನು ಸಂಪೂರ್ಣವಾಗಿ ಗೆದ್ದವರು ಮಾತ್ರ ಡ್ರಮ್ ನುಡಿಸುತ್ತಿದ್ದ ನಿಕ್ ಮೇಸನ್. ‘ಒನ್ ಆಫ್ ದೀಸ್ ಡೇಸ್’ ಉಚ್ಛ್ರಾಯದಲ್ಲಿರುವಾಗ ಅವರ ಕೈಯಿಂದ ಒಂದು ಕೋಲು ಜಾರಿಹೋಗುತ್ತದೆ. ಇನ್ನೊಂದು ಕೈ ತಾಳ ಬಿಡದಿರುವಾಗಲೇ ಅವರು ಮತ್ತೊಂದು ಕೋಲನ್ನು ಎತ್ತಿಕೊಂಡಾಗಿರುತ್ತದೆ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ದಿನಗಳಲ್ಲಿ ಮನೆಮನೆಗೆ ಬಂದು ದುಡಿ ಬಾರಿಸಿ ಹಾಡುವ ನಾಲ್ವರನ್ನು ಬಾಲ್ಯದಿಂದಲೂ ಕಂಡವನು ನಾನು. ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುವಾಗ ಒಬ್ಬರ ಉಸಿರು ತುಂಡಾದರೂ ದುಡಿಯ ಪೆಟ್ಟು ತುಂಡಾಗುತ್ತಿರಲಿಲ್ಲ. ಆ ಅಂಗಳವೂ ಈ ಕಲ್ಲಿನ ರಂಗವೂ ಅಂದು ನನ್ನೊಳಗೆ ಒಂದಾದವು.

‘ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್’ ಅನ್ನು ಮತ್ತೊಮ್ಮೆ ನೋಡೋಣವೆಂದು ನಾವು ಕೇಳಿಕೊಂಡೆವು. ತಂಡದ ಬಾಸ್ ಗಿಟಾರ್ ವಾದಕ ರೋಜರ್ ವಾಟರ್ಸ್ ದೊಡ್ಡ ಜಾಗಟೆಯ ಮುಂದೆ ನಿಂತು ಕೈಯೆತ್ತಿದ ಕ್ಷಣದಲ್ಲೇ ಕರೆಂಟ್ ಹೋಯಿತು. ಕತ್ತಲಲ್ಲಿ ಹಂಚಿನ ಮೇಲೆ ಮಳೆ ಬಡಿಯುವ ಸದ್ದೊಂದೇ ಉಳಿಯಿತು. ಪೊಂಪೆಯಿಯಲ್ಲಿಯೂ ತಂಡದ ಉಪಕರಣಗಳಿಗೆ ಸಾಲುವಷ್ಟು ವಿದ್ಯುತ್ ದೊರೆಯದೆ ಚಿತ್ರೀಕರಣದ ಅಮೂಲ್ಯ ಸಮಯ ಕಳೆದುಹೋಗಿತ್ತು, ಕೊನೆಗೆ ಊರೊಳಗಿಂದ ಉದ್ದನೆಯ ಕೇಬಲ್ ಎಳೆಯಬೇಕಾಯಿತು ಎಂದು ಮೇಷ್ಟ್ರು ಕತ್ತಲಲ್ಲೇ ಹೇಳಿದರು. ಸುಮಾರು ಅರ್ಧ ಗಂಟೆ ಯಾರೂ ಎದ್ದು ಹೋಗಲಿಲ್ಲ. ಕರೆಂಟ್ ಬಂದಾಗ ಅವರು ಟೇಪನ್ನು ಹಿಂದಕ್ಕೋಡಿಸಿ ಆ ಹಾಡನ್ನು ಮೊದಲಿನಿಂದ ಹಾಕಿದರು.

2025ರಲ್ಲಿ ಈ ಚಿತ್ರ ಮೂಲ ನೆಗೆಟಿವ್‌ನಿಂದ 4ಕೆ ರೂಪದಲ್ಲಿ ಪುನರುಜ್ಜೀವನಗೊಂಡು, ಸ್ಟೀವನ್ ವಿಲ್ಸನ್ ಅವರ ಹೊಸ ಧ್ವನಿ ಮಿಶ್ರಣದೊಡನೆ ಬಂದಾಗ ಮನೆಯಲ್ಲಿ ಕುಳಿತು ನೋಡಿದೆ. ಸ್ಪೀಕರ್ ಪೆಟ್ಟಿಗೆಗಳ ಬೆನ್ನಿನ ಮೇಲೆ ಬಿಳಿಯಾಗಿ ಬರೆದಿದ್ದ ತಂಡದ ಹೆಸರು, ಲಂಡನ್ ಎಂಬ ಊರಿನ ಹೆಸರು, ಕಲ್ಲಿನ ಮೇಲಿನ ಧೂಳು, ಎಲ್ಲವೂ ಸ್ಪಷ್ಟವಾಗಿ ಕಂಡವು. ವಾಟರ್ಸ್ ಜಾಗಟೆಯ ಮುಂದೆ ಕೈಯೆತ್ತಿದಾಗ ಮಾತ್ರ ನನ್ನ ಕಿವಿ, ತಾನೇತಾನಾಗಿ, ಹಂಚಿನ ಮೇಲಿನ ಮಳೆಗಾಗಿ ಕಾಯಿತು.