ಮೊದಲ ಸಲ ಗುಂಪಿಗೆ ಬರುವ ದಿನ

ಉಗ್ಗುವ ಮಕ್ಕಳ ಮನೆಯವರು ಸೇರುವ ಗುಂಪಿಗೆ ಹೊಸದಾಗಿ ಬಂದವರನ್ನು ಗುರುತಿಸುವುದು ಕಷ್ಟವಲ್ಲ. ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂರುತ್ತಾರೆ. ಮಗುವಿನ ಹೆಸರು ಕೇಳಿದರೆ ಮಗು ಬಾಯಿ ತೆರೆಯುವ ಮೊದಲೇ ತಾವು ಹೇಳಿಬಿಡುತ್ತಾರೆ. ಅದು ಪ್ರೀತಿಯಿಂದಲೇ ಬಂದ ಅಭ್ಯಾಸ, ಮಗು ಒದ್ದಾಡುವುದನ್ನು ನೋಡಲಾಗದೆ ಬಂದದ್ದು. ಆ ಒಂದು ಬೆಳಗ್ಗೆ ಕೋಣೆಯೊಳಗೆ ಏನಾಗುತ್ತದೆ, ಹೇಗೆ ನಡೆದರೆ ಬಂದವರು ಮತ್ತೊಮ್ಮೆ ಬರುತ್ತಾರೆ ಎಂಬುದನ್ನು ಇಂಥ ಬೆಳಗುಗಳನ್ನು ಬಹಳ ಕಂಡವರಾಗಿ ಬರೆಯುತ್ತಿದ್ದೇವೆ.

ಆರರಿಂದ ಎಂಟು ಕುಟುಂಬ, ಒಂದೂವರೆ ಗಂಟೆ. ಅದಕ್ಕಿಂತ ಹೆಚ್ಚು ಜನ ಸೇರಿದರೆ ಅದು ಸಭೆಯಾಗುತ್ತದೆ, ಒಬ್ಬರು ಭಾಷಣ ಮಾಡಿ ಉಳಿದವರು ಕೇಳುವಂತಾಗುತ್ತದೆ. ಮಕ್ಕಳಿಗೆ ಪಕ್ಕದಲ್ಲೇ ಬೇರೆ ಕೋಣೆ ಇರಬೇಕು. ಅಲ್ಲಿ ಅವರ ಜೊತೆ ಆಡಲು ಸ್ವತಃ ಉಗ್ಗುವ ಒಬ್ಬ ದೊಡ್ಡವರಿದ್ದರೆ ಅರ್ಧ ಕೆಲಸ ಮುಗಿದಂತೆ. ಹೊಸ ಗುಂಪುಗಳು ತಪ್ಪುವುದು ಮೊದಲ ಹತ್ತು ನಿಮಿಷದಲ್ಲೇ: ‘ಸಾಲಾಗಿ ಎಲ್ಲರೂ ಹೆಸರು ಹೇಳಿ’ ಎಂದುಬಿಡುತ್ತಾರೆ. ಉಗ್ಗುವವರಿಗೆ ಇದಕ್ಕಿಂತ ಕಠಿಣವಾದದ್ದು ಕಡಿಮೆ. ಬೇರೆ ಮಾತು ಬಾಯಿಗೆ ಬಾರದಿದ್ದರೆ ಅದೇ ಅರ್ಥದ ಇನ್ನೊಂದನ್ನು ಹಾಕಿ ದಾಟಬಹುದು, ತನ್ನ ಹೆಸರಿಗೆ ಬದಲಿ ಪದವಿಲ್ಲ. ಸರದಿ ಹತ್ತಿರ ಬಂದಂತೆಲ್ಲ ಎದೆ ಬಡಿತ ಏರುತ್ತದೆ, ಪಕ್ಕದವರು ಹೇಳಿದ್ದು ಕಿವಿಗೇ ಬೀಳುವುದಿಲ್ಲ. ಆದ್ದರಿಂದ ಹೇಳಬೇಕೆನಿಸಿದವರು ಅನಿಸಿದಾಗ ಹೇಳಲಿ. ಯಾರ ಮಾತನ್ನೂ ಯಾರೂ ಮುಗಿಸಿಕೊಡಬಾರದು. ತಡೆಯಿಲ್ಲದೆ ಮಾತಾಡಿದ್ದಕ್ಕೆ ಚಪ್ಪಾಳೆ ಬೇಡ. ಚಪ್ಪಾಳೆ ಸಿಕ್ಕವನ ಪಕ್ಕದಲ್ಲಿ ಸಿಗದವನೂ ಕೂತಿರುತ್ತಾನೆ.

ಯಾರೋ ಒಬ್ಬ ತಾಯಿ ಅಳುವುದು ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೆ. ಹೇಳುವುದು ಹೆಚ್ಚುಕಡಿಮೆ ಒಂದೇ: ‘ನಾನು ಗದರಿದ್ದಕ್ಕೇ ಹೀಗಾಯ್ತೇನೋ.’ ಇಲ್ಲಿ ಸಮಾಧಾನದ ಮಾತಿಗಿಂತ ಸರಿಯಾದ ಮಾಹಿತಿ ಹೆಚ್ಚು ಆಸರೆ. ತಂದೆತಾಯಿಯ ಗದರಿಕೆಯಿಂದ, ಹೆದರಿಕೆಯಿಂದ, ಬೇರೆ ಮಗುವನ್ನು ಅನುಕರಿಸಿದ್ದರಿಂದ ಉಗ್ಗು ಹುಟ್ಟುವುದಿಲ್ಲ. ಅದು ವಂಶದಲ್ಲಿ ಹರಿದುಬರುವ ಸಂಭವ ಹೆಚ್ಚು. ಮಾತಿನ ಚಲನೆಗಳಿಗೆ ಹೊತ್ತು ಹೊಂದಿಸುವ ಮಿದುಳಿನ ಜಾಲ ಇವರಲ್ಲಿ ಸ್ವಲ್ಪ ಬೇರೆ ರೀತಿ ಕೆಲಸ ಮಾಡುತ್ತದೆ. ಹಾಗಾದರೆ ಈ ಅಪರಾಧಿ ಭಾವ ಇಷ್ಟು ಗಟ್ಟಿಯಾಗಿ ಏಕೆ ಅಂಟಿಕೊಂಡಿದೆ? ಒಂದು ಕಾರಣವಾದರೂ ನಮಗೆ ಗೊತ್ತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕ ವೆಂಡೆಲ್ ಜಾನ್ಸನ್, ಸ್ವತಃ ಉಗ್ಗುತ್ತಿದ್ದವರು, ಉಗ್ಗು ಶುರುವಾಗುವುದು ಮಗುವಿನ ಬಾಯಲ್ಲಲ್ಲ, ಹೆತ್ತವರ ಕಿವಿಯಲ್ಲಿ, ಅಂದರೆ ಮಗುವಿನ ಸಹಜ ತಡವರಿಕೆಯನ್ನು ಅವರು ಉಗ್ಗೆಂದು ಎಣಿಸುವುದರಿಂದಲೇ ಎಂಬ ವಾದ ಮುಂದಿಟ್ಟಿದ್ದರು. 1939ರಲ್ಲಿ ಅವರ ಮಾರ್ಗದರ್ಶನದಲ್ಲೇ ಅನಾಥಾಶ್ರಮದ ಮಕ್ಕಳ ಮೇಲೆ ಪ್ರಯೋಗವೊಂದು ನಡೆಯಿತು. ಸರಿಯಾಗಿಯೇ ಮಾತಾಡುತ್ತಿದ್ದ ಮಕ್ಕಳಲ್ಲೂ ಕೆಲವರಿಗೆ ‘ನಿನಗೆ ಉಗ್ಗಿದೆ’ ಎಂದು ಹೇಳಿ ನೋಡಲಾಯಿತು. ವಿಶ್ವವಿದ್ಯಾಲಯ ಅದಕ್ಕೆ ಕ್ಷಮೆ ಕೇಳಿದ್ದು 2001ರಲ್ಲಿ. ಆ ವಾದ ಬಿದ್ದು ಹೋಗಿದೆ, ಅದು ಹೊರಿಸಿದ ತಪ್ಪು ಮಾತ್ರ ಇನ್ನೂ ತಾಯಂದಿರ ತಲೆಯ ಮೇಲಿದೆ.

ಎರಡನೆಯ ಪ್ರಶ್ನೆ: ಹೋಗುತ್ತದೆಯೇ? ಸುಮಾರು ನೂರಕ್ಕೆ ಐದು ಮಕ್ಕಳು ಎಂದಾದರೊಮ್ಮೆ ಉಗ್ಗುತ್ತಾರೆ, ಶುರುವಾಗುವುದು ಬಹುಪಾಲು ಎರಡರಿಂದ ಐದರ ವಯಸ್ಸಿನೊಳಗೆ. ಅವರಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ ಅದು ಮುಂದೆ ಉಳಿಯುವುದಿಲ್ಲ. ದೊಡ್ಡವರಲ್ಲಿ ಉಳಿದಿರುವುದು ನೂರಕ್ಕೆ ಒಬ್ಬರಲ್ಲಿ. ಆದರೆ ನಿಮ್ಮ ಮಗು ಯಾವ ಪಾಲಿನಲ್ಲಿದೆ ಎಂದು ಮೊದಲೇ ಯಾರೂ ಖಚಿತವಾಗಿ ಹೇಳಲಾರರು. ನಮ್ಮ ಭಾಷೆಯಲ್ಲಿ ಇನ್ನೊಂದು ತೊಡಕಿದೆ. ಪುಟ್ಟ ಮಗುವಿನ ಮುದ್ದು ಮಾತಿಗೂ ‘ತೊದಲು’ ಎನ್ನುತ್ತೇವೆ, ಇದಕ್ಕೂ ‘ತೊದಲು’ ಎನ್ನುತ್ತೇವೆ. ಹಾಗಾಗಿ ‘ಬೆಳೀತಾ ಸರಿಹೋಗುತ್ತೆ ಬಿಡಿ’ ಎಂಬ ಮಾತಿನಲ್ಲೇ ವರ್ಷ ಕಳೆದುಹೋಗುತ್ತದೆ. ಮಗು ‘ನಂಗೆ... ನಂಗೆ ಬೇಕು’ ಎಂದು ಇಡೀ ಪದವನ್ನು ಸಲೀಸಾಗಿ ಮತ್ತೆ ಹೇಳುವುದು ಬೇರೆ. ‘ನ-ನ-ನ-ನಂಗೆ’ ಎಂದು ಅಕ್ಷರ ಒಡೆಯುವುದು, ‘ಮ್ಮ್ಮ್ಮಾಮ’ ಎಂದು ಎಳೆಯುವುದು, ಬಾಯಿ ತೆರೆದರೂ ದನಿಯೇ ಬಾರದೆ ನಿಲ್ಲುವುದು, ಇವು ಉಗ್ಗಿನ ಲಕ್ಷಣ. ಕಣ್ಣು ಬಿಗಿಯುವುದು, ಕಾಲು ಕುಟ್ಟುವುದು ಸೇರಿಕೊಂಡರೆ, ಮನೆತನದಲ್ಲಿ ಉಗ್ಗು ಉಳಿದವರಿದ್ದರೆ, ‘ನಂಗೆ ಹೇಳೋಕಾಗಲ್ಲ’ ಎಂದು ಮಗುವೇ ಹೇಳಿದರೆ ಕಾಯದೆ ವಾಕ್ ಚಿಕಿತ್ಸಕರನ್ನು ಕಾಣಿ. ಇದ್ಯಾವುದೂ ಇಲ್ಲದಿದ್ದರೂ ಆರು ತಿಂಗಳಿಗಿಂತ ಹೆಚ್ಚು ಕಾಯುವುದು ಬೇಡ. ಹೋಗುವಾಗ ಮನೆಯಲ್ಲಿ ಚಿತ್ರೀಕರಿಸಿದ ಎರಡು ಮೂರು ನಿಮಿಷದ ವಿಡಿಯೊ ಇರಲಿ, ಏಕೆಂದರೆ ಚಿಕಿತ್ಸಕರ ಕೋಣೆಯಲ್ಲಿ ಅದೇ ಮಗು ಒಂದೂ ಕಡೆ ತಡೆಯದೆ ಮಾತಾಡಿ ನಿಮ್ಮನ್ನು ಸುಳ್ಳುಗಾರರನ್ನಾಗಿ ಮಾಡಬಹುದು.

ಇಷ್ಟು ಹೊತ್ತಿಗೆ ಹೊಸಬರು ಪುಸ್ತಕ ತೆಗೆಯುತ್ತಾರೆ. ‘ಮನೆಗೆ ಹೋಗಿ ಏನು ಮಾಡೋಣ?’

ಮೊದಲು ನಿಲ್ಲಿಸಬೇಕಾದದ್ದು ‘ನಿಧಾನವಾಗಿ ಹೇಳು’, ‘ಉಸಿರು ತಗೊಂಡು ಹೇಳು’ ಎಂಬ ಮಾತು. ಮಗು ಹೇಳಹೊರಟದ್ದು ನಾಯಿಮರಿಯ ಸುದ್ದಿ, ಅದಕ್ಕೆ ಸಿಕ್ಕ ಉತ್ತರ ತನ್ನ ಬಾಯಿಯ ಬಗ್ಗೆ. ನಿಧಾನವಾಗಬೇಕಾದವರು ದೊಡ್ಡವರು. ಮಗುವಿನ ಮಾತು ಮುಗಿದ ಮೇಲೆ ಒಂದೆರಡು ಸೆಕೆಂಡು ಬಿಟ್ಟು ಉತ್ತರಿಸಿ. ಕೇಳಲು ಸುಲಭ, ಮೊದಲ ವಾರ ಅದನ್ನು ಮಾಡಿ ನೋಡಿದವರೆಲ್ಲ ಎರಡು ಸೆಕೆಂಡು ಎಷ್ಟು ಉದ್ದ ಎಂದು ಬಂದು ಹೇಳುತ್ತಾರೆ. ಉಗ್ಗಿಗೆ ಚಿಕಿತ್ಸೆ ಕೊಡುವ ಲಂಡನ್ನಿನ ಮೈಕಲ್ ಪ್ಯಾಲಿನ್ ಕೇಂದ್ರದ ಕ್ರಮದಲ್ಲಿ ‘ವಿಶೇಷ ಸಮಯ’ ಎಂಬುದೊಂದಿದೆ: ಒಮ್ಮೆಗೆ ಐದು ನಿಮಿಷ, ವಾರಕ್ಕೆ ಕೆಲವು ಸಲ, ಅಪ್ಪ ಅಥವಾ ಅಮ್ಮ ಮಗುವಿನೊಂದಿಗೆ ಒಬ್ಬರೇ ಕೂರುವುದು, ಆಟ ಮಗುವಿನ ಆಯ್ಕೆ. ಫೋನ್ ಬೇರೆ ಕೋಣೆಯಲ್ಲಿರಲಿ. ಇಲ್ಲಿ ಕೆಡುವುದು ಪ್ರಶ್ನೆಗಳಿಂದ. ‘ಇದ್ಯಾವ ಬಣ್ಣ? ಇದು ಎಲ್ಲಿಗೆ ಹೋಗ್ತಿದೆ?’ ಎಂದು ಕೇಳುತ್ತ ಹೋದರೆ ಆಟ ಪರೀಕ್ಷೆಯಾಗುತ್ತದೆ. ‘ಓಹೋ, ಬಸ್ಸು ಸೇತುವೆ ಹತ್ತಿತು’ ಎಂದಷ್ಟೇ ಹೇಳಿ ಸುಮ್ಮನಿರಿ.

ಆಮೇಲೆ ಒಂದು ನೋಟ್‌ಬುಕ್. ದಿನದ ಕೊನೆಗೆ ಒಂದೇ ಅಂಕಿ: ಉಗ್ಗೇ ಇಲ್ಲದಿದ್ದರೆ 0, ಅತಿ ತೀವ್ರವಾಗಿದ್ದರೆ 9. ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಲಿಡ್‌ಕೋಂಬ್ ಚಿಕಿತ್ಸಾಕ್ರಮದಲ್ಲಿ ತಂದೆತಾಯಿ ದಿನಾ ಹೀಗೆ ಬರೆಯುತ್ತಾರೆ. ಆ ಚಿಕಿತ್ಸೆಯನ್ನು ಚಿಕಿತ್ಸಕರಿಂದ ಕಲಿಯದೆ ಮನೆಯಲ್ಲಿ ಶುರುಮಾಡಬಾರದು, ಅಂಕಿ ಬರೆಯುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಉಗ್ಗು ಸಮನಾಗಿರುವುದಿಲ್ಲ. ಮೂರು ವಾರ ಮಾಯವಾಗಿ ನಾಲ್ಕನೆಯ ವಾರ ಜೋರಾಗಿ ಬರುತ್ತದೆ, ಆಗ ‘ಎಲ್ಲಾ ಹಾಳಾಯ್ತು’ ಅನಿಸುತ್ತದೆ. ಎರಡು ತಿಂಗಳ ಅಂಕಿಗಳನ್ನು ಒಟ್ಟಿಗೆ ನೋಡಿದರೆ ಹಾಗಿರುವುದಿಲ್ಲ. ಮಗುವಿನ ಕಣ್ಣೆದುರು ಬರೆಯಬೇಡಿ.

ಶಾಲೆಯ ವಿಷಯ ಬಂದಾಗ ಕೋಣೆ ಬಿಸಿಯಾಗುತ್ತದೆ. ‘ನಮ್ಮ ಮಗನನ್ನು ಎಬ್ಬಿಸಿ ಓದಿಸಬೇಡಿ ಅಂತ ಬರೆದುಕೊಟ್ಟಿದ್ದೇವೆ’ ಎಂದು ಒಬ್ಬರು ಹೇಳುತ್ತಾರೆ. ನಮಗೆ ಇದು ಸರಿ ಕಾಣುವುದಿಲ್ಲ. ಪೂರ್ತಿ ವಿನಾಯಿತಿ ಕೊಟ್ಟರೆ ಮಗುವಿಗೆ ತಲುಪುವ ಸಂದೇಶ ‘ನಿನ್ನಿಂದಾಗದು’ ಎಂದೇ. ಬದಲಿಗೆ ಶಾಲೆ ಶುರುವಾಗುವ ಮೊದಲೇ ಶಿಕ್ಷಕರಿಗೆ ಒಂದು ಪುಟದ ಪತ್ರ ಕೊಡಿ, ಮಗುವಿಗೆ ಓದಿ ತೋರಿಸಿ, ಅದು ಒಪ್ಪಿದ ಮೇಲೆ. ಪತ್ರದಲ್ಲಿ ಹೀಗಿರಲಿ: ಹಾಜರಿಗೆ ಕೈ ಎತ್ತಿದರೂ ಸಾಕು. ಸರದಿಯಲ್ಲಿ ಕಾಯಿಸದೆ ಮೊದಲ ಕೆಲವರಲ್ಲೇ ಕೇಳಿ. ಗಟ್ಟಿಯಾಗಿ ಓದುವಾಗ ಇನ್ನೊಬ್ಬರ ಜೊತೆ ಒಟ್ಟಿಗೆ ಓದಿಸಿ, ದನಿ ಸೇರಿಸಿ ಓದಿದರೆ ಹೆಚ್ಚಿನ ಉಗ್ಗು ಅಲ್ಲೇ ಕರಗುತ್ತದೆ, ಹಾಡುವಾಗಲೂ ಹಾಗೆಯೇ. ಮೌಖಿಕ ಪರೀಕ್ಷೆಗೆ ಹೆಚ್ಚಿನ ಸಮಯ ಕೊಡಿ. ಅಣಕಿಸುವವರಿಗೆ ಮಗುವಿನ ಬಳಿ ಒಂದು ಮಾತು ಸಿದ್ಧವಿರಲಿ: ‘ಹೌದು, ನಂಗೆ ಉಗ್ಗು. ಕಾಯಿ, ಹೇಳ್ತೀನಿ.’ ಇದನ್ನು ಮನೆಯಲ್ಲಿ ಉಗ್ಗಿಕೊಂಡೇ ಅಭ್ಯಾಸ ಮಾಡಬೇಕು, ಏಕೆಂದರೆ ಅಲ್ಲಿ ಹೇಳುವಾಗಲೂ ಉಗ್ಗು ಬಂದೇ ಬರುತ್ತದೆ.

ಹತ್ತು ದಿನದಲ್ಲಿ ಪೂರ್ತಿ ಗುಣಪಡಿಸುತ್ತೇವೆ ಎನ್ನುವವರ ವಿಳಾಸ ಹಿಡಿದು ಯಾರಾದರೂ ಬಂದೇ ಬರುತ್ತಾರೆ. ಅಲ್ಲಿ ಪೂರ್ತಿ ಹಣ ಮೊದಲೇ ಕೇಳುತ್ತಾರೆ, ತೋರಿಸುವ ವಿಡಿಯೊಗಳೆಲ್ಲ ಕೊನೆಯ ದಿನದವು. ಮಾತನ್ನು ಎಳೆದು ಎಳೆದು ಹೇಳಿಸಿದರೆ ಬಹಳಷ್ಟು ಜನರ ಉಗ್ಗು ಕೆಲಕಾಲ ನಿಲ್ಲುತ್ತದೆ. ಆರು ತಿಂಗಳ ನಂತರದ ವಿಡಿಯೊ ಕೇಳಿ ನೋಡಿ. ನಾಲಿಗೆ ಕೆಳಗಿನ ಪೊರೆ ಕತ್ತರಿಸಿದರೂ ಉಗ್ಗು ಹೋಗುವುದಿಲ್ಲ. ಉಗ್ಗು ಮರಳಿ ಬಂದಾಗ ಮಗು ತನ್ನ ಪ್ರಯತ್ನ ಸಾಲದೆ ಹೋಯಿತು ಎಂದುಕೊಳ್ಳುತ್ತದೆ, ಇದು ಹಣ ಹೋದದ್ದಕ್ಕಿಂತ ದೊಡ್ಡ ನಷ್ಟ.

ಗುಂಪಿನಲ್ಲಿ ನಾವು ಹೆಚ್ಚು ಗಮನಿಸುವುದು ಮೂಲೆಯಲ್ಲಿ ಸುಮ್ಮನೆ ಕೂತ ಅಪ್ಪನನ್ನು. ಎಷ್ಟೋ ಸಲ ಆತನಿಗೂ ಉಗ್ಗಿರುತ್ತದೆ. ಗೊತ್ತಾಗದಂತೆ ಬದುಕುವುದನ್ನು ಕಲಿತಿರುತ್ತಾನೆ: ಪದ ಬದಲಿಸಿ, ಫೋನನ್ನು ಹೆಂಡತಿಗೆ ಕೊಟ್ಟು, ಹೋಟೆಲಿನಲ್ಲಿ ಬೇಕಾದದ್ದನ್ನು ಬಿಟ್ಟು ಬಾಯಿಗೆ ಬಂದದ್ದನ್ನು ಕೇಳಿ. ಮಗನನ್ನು ನೋಡಿದಾಗಲೆಲ್ಲ ತನ್ನ ಶಾಲೆಯ ದಿನಗಳೇ ಕಣ್ಣಮುಂದೆ ಬರುವುದರಿಂದ ಎಲ್ಲರಿಗಿಂತ ಗಟ್ಟಿಯಾಗಿ ‘ಸರಿಯಾಗಿ ಹೇಳು’ ಎನ್ನುವವನೂ ಆತನೇ. ಅವರನ್ನು ಮಾತಾಡಿಸಲು ಒತ್ತಾಯ ಬೇಡ. ಬಿಡುವಿನಲ್ಲಿ ಉಗ್ಗುವ ಇನ್ನೊಬ್ಬರು ಪಕ್ಕದಲ್ಲಿ ಹೋಗಿ ನಿಂತರೆ ಸಾಕು. ಅಪ್ಪ ಮುಚ್ಚಿಡದೆ ಉಗ್ಗುವುದನ್ನು ಮಗು ಕೇಳಿದ ದಿನ ಆ ಮನೆಯಲ್ಲಿ ಬಹಳಷ್ಟು ಬದಲಾಗುತ್ತದೆ.

ಹಿಂದಿರುಗುವ ದಾರಿಯಲ್ಲಿ ‘ಹೇಗಿತ್ತು? ಯಾರ ಜೊತೆ ಮಾತಾಡಿದೆ?’ ಎಂದು ಕೇಳಬೇಡಿ. ಪಕ್ಕದ ಕೋಣೆಯಲ್ಲಿ ಆದದ್ದು ಮಗುವಿನದು. ಬಹಳ ಮಕ್ಕಳು ರಾತ್ರಿ ದೀಪ ಆರಿಸಿದ ಮೇಲೆ ತಾವಾಗಿಯೇ ಹೇಳುತ್ತಾರೆ: ‘ಅಮ್ಮಾ, ಆ ಅಣ್ಣನೂ ನನ್ ಥರಾನೇ ಮಾತಾಡ್ತಾನೆ.’ ಎರಡು ಸೆಕೆಂಡು ಬಿಡಿ. ಮುಂದಿನ ಮಾತು ಇನ್ನೂ ಬರುವುದಿರಬಹುದು.